ಚಿಕ್ಕ ಚದುರಂಗದ ಬೋರ್ಡಿಗೆ ಯಾವ ಅಳತೆಯ ಕಾಯಿ? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೊಂದು ಹೆಸರಿರುವುದರಿಂದ ಮೊದಲೇ ಹೇಳಿಬಿಡುತ್ತೇವೆ: ಇಲ್ಲಿ ಮೂಲೆಯ ಕಾಯಿ ಆನೆ, ಅದರ ಪಕ್ಕದ್ದು ಕುದುರೆ, ಆಮೇಲೆ ಒಂಟೆ. ರಾಜನ ಜೋಡಿ ರಾಣಿ. ಮಂತ್ರಿ ಎಂದು ಆಡುವವರು ಹಾಗೇ ಓದಿಕೊಳ್ಳಿ. ಮುಂದಿನ ಸಾಲಿನವು ಕಾಲಾಳುಗಳು. ಬೋರ್ಡಿನ ಚೌಕವನ್ನು ಮನೆ ಎಂದಿದ್ದೇವೆ.

## ಮೊದಲು ಅಳತೆ

ಒಂದೇ ಮಾತಲ್ಲಿ ಹೇಳಿ, ಕಾಯಿ ಬೋರ್ಡಿಗೆ ಹೊಂದುತ್ತೋ ಇಲ್ಲವೋ ಅಂತ ಹೇಗೆ ನೋಡೋದು?

ರಾಜನ ತಳದ ಅಗಲವನ್ನು ಮನೆಯ ಅಗಲದ ಜೊತೆ ಹೋಲಿಸಿ. ಎತ್ತರವನ್ನು ಮೊದಲು ನೋಡಬೇಡಿ. ಬೋರ್ಡ್ ಮೇಲೆ ಜಾಗ ತಿನ್ನುವುದು ತಳ. ದೊಡ್ಡ ಬೋರ್ಡಿನಲ್ಲಿ ರಾಜನ ತಳ ಮನೆಯ 75ರಿಂದ 80 ಶೇಕಡಾ ಇದ್ದರೆ ಆಟ ಸಲೀಸು. ಮನೆ 40 ಮಿ.ಮೀ.ಗಿಂತ ಚಿಕ್ಕದಾದರೆ 70ರಿಂದ 74 ಶೇಕಡಾ ಇಟ್ಟುಕೊಳ್ಳಿ. ರಾಜ ಹೊಂದಿದರೆ ಉಳಿದವು ಸಾಮಾನ್ಯವಾಗಿ ಹೊಂದಿಯೇ ಹೊಂದುತ್ತವೆ, ಏಕೆಂದರೆ ಎಲ್ಲಕ್ಕಿಂತ ಅಗಲದ ತಳ ಅವನದು.

"12 ಇಂಚಿನ ಬೋರ್ಡ್" ಅಂತ ಬರೆದಿದ್ದಾರೆ. 12 ಭಾಗಿಸು 8, ಅಂದ್ರೆ ಮನೆ ಒಂದೂವರೆ ಇಂಚು ತಾನೆ?

ಅಲ್ಲ. ಆ 12 ಇಂಚು ಹೊರಗಿನ ಅಳತೆ, ಅಂಚುಪಟ್ಟಿ ಸೇರಿಸಿ. 12 ಇಂಚು ಅಂದರೆ 305 ಮಿ.ಮೀ. ಎರಡೂ ಕಡೆ 15 ಮಿ.ಮೀ. ಅಂಚು ಹೋದರೆ ಉಳಿಯುವುದು 275. ಅದನ್ನು ಎಂಟರಿಂದ ಭಾಗಿಸಿದರೆ ಮನೆ 34 ಮಿ.ಮೀ. ಚಿಲ್ಲರೆ. ನೀವು ಅಂದುಕೊಂಡ ಒಂದೂವರೆ ಇಂಚು 38 ಮಿ.ಮೀ. ಆಗುತ್ತದೆ. ಆ ನಾಲ್ಕು ಮಿ.ಮೀ. ವ್ಯತ್ಯಾಸದಲ್ಲೇ ಕಾಯಿ ಕೊಂಡವರು ಸೋಲುವುದು.

ಒಂದು ಮನೆಯನ್ನು ಅಳೆದು ನಂಬಬೇಡಿ. ಎಂಟು ಮನೆಯ ಸಾಲನ್ನು ಒಟ್ಟಿಗೆ ಅಳೆದು ಎಂಟರಿಂದ ಭಾಗಿಸಿ, ಸ್ಕೇಲ್ ಹಿಡಿದ ತಪ್ಪು ಎಂಟು ಪಾಲಾಗಿ ಕರಗುತ್ತದೆ. ಮಡಚುವ ಬೋರ್ಡಾದರೆ ನಡುವಿನ ಸಂದು ಒಂದೆರಡು ಮಿ.ಮೀ. ಸೇರಿಕೊಂಡುಬಿಡುತ್ತದೆ. ಅಲ್ಲಿ ಒಂದು ಅರ್ಧದ ನಾಲ್ಕು ಮನೆ ಅಳೆದು ನಾಲ್ಕರಿಂದ ಭಾಗಿಸಿ.

ಕ್ಯಾಲಿಪರ್ ಇಲ್ಲ. ರಾಜನ ತಳ ಗುಂಡಗಿದೆ, ಸ್ಕೇಲಲ್ಲಿ ಹೇಗೆ ಅಳೀಲಿ?

ತೆಳ್ಳನೆಯ ಕಾಗದದ ಪಟ್ಟಿಯನ್ನು ತಳದ ಅತಿ ಅಗಲದ ಭಾಗಕ್ಕೆ ಬಿಗಿಯಾಗಿ ಸುತ್ತಿ, ಕೂಡುವ ಕಡೆ ಪೆನ್ಸಿಲ್ ಗುರುತು ಹಾಕಿ, ಬಿಡಿಸಿ ಅಳೆಯಿರಿ. ಬಂದ ಉದ್ದವನ್ನು 3.14ರಿಂದ ಭಾಗಿಸಿ. ಸುತ್ತಳತೆ 119 ಮಿ.ಮೀ. ಬಂದರೆ ತಳ 38 ಮಿ.ಮೀ. ಕಾಯಿಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರೆ ಪೆನ್ಸಿಲ್ ಮೊನೆಯ ದಪ್ಪ ಸೇರಿ ಒಂದೆರಡು ಮಿ.ಮೀ. ಹೆಚ್ಚು ಬರುತ್ತದೆ. ದೊಡ್ಡ ಬೋರ್ಡಿಗೆ ಅದು ನಡೆದೀತು, 30 ಮಿ.ಮೀ. ಮನೆಗೆ ನಡೆಯುವುದಿಲ್ಲ. ಅಡಿಯ ಬಟ್ಟೆಯನ್ನೂ ಅಳೆಯಬೇಡಿ, ಅದನ್ನು ತಳಕ್ಕಿಂತ ಚಿಕ್ಕದಾಗಿಯೇ ಕತ್ತರಿಸಿ ಅಂಟಿಸಿರುತ್ತಾರೆ.

ಅಂಗಡಿಯವರು "ಕಿಂಗ್ 3 ಇಂಚು" ಅಂತ ಎತ್ತರ ಮಾತ್ರ ಹೇಳ್ತಾರೆ. ತಳ ಎಷ್ಟಿರಬಹುದು?

ಕೇಳಿ ತಿಳಿದುಕೊಳ್ಳುವುದೇ ಒಳ್ಳೆಯದು. ಉತ್ತರ ಸಿಗದಿದ್ದರೆ ಎತ್ತರದ 45 ಶೇಕಡಾ ಎಂದು ಅಂದಾಜು ಮಾಡಿ. ಸ್ಟಾಂಟನ್ ಮಾದರಿಯ, ಅಂದರೆ ಟೂರ್ನಮೆಂಟುಗಳಲ್ಲಿ ಬಳಸುವ ಮಾಮೂಲಿ ಆಕಾರದ, ಕಾಯಿಗಳಿಗೆ ತಳ ಎತ್ತರದ 40ರಿಂದ 50 ಶೇಕಡಾ ಇರಬೇಕೆಂದು ಅಂತಾರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆಯ ಶಿಫಾರಸೂ ಇದೆ. ಈ ಲೆಕ್ಕದಲ್ಲಿ 3 ಇಂಚಿನ, ಅಂದರೆ 76 ಮಿ.ಮೀ. ರಾಜನ ತಳ ಸುಮಾರು 34 ಮಿ.ಮೀ. ಆದರೆ 40ಕ್ಕೂ 50ಕ್ಕೂ ನಡುವೆ 30ರಿಂದ 38 ಮಿ.ಮೀ.ವರೆಗೆ ಅಂತರವಿದೆ. ಒಂದು 40 ಮಿ.ಮೀ. ಮನೆಗೆ ಸರಿ, ಇನ್ನೊಂದಕ್ಕೆ 50 ಬೇಕು. ಅದಕ್ಕೇ "3 ಇಂಚಿನ ಕಾಯಿ" ಎಂಬ ಮಾತಿಗೆ ಬೆಲೆ ಕಡಿಮೆ.

ಎತ್ತರ ಹೇಳುವಾಗ ತಲೆಯ ಮೇಲಿನ ಶಿಲುಬೆಯಿಂದ ಅಡಿಬಟ್ಟೆಯವರೆಗೆ ಎಲ್ಲವನ್ನೂ ಸೇರಿಸುತ್ತಾರೆ ಎಂಬುದೂ ನೆನಪಿರಲಿ.

ಲೆಕ್ಕ ಬೇಡ. ಯಾವ ಮನೆಗೆ ಯಾವ ರಾಜ, ಪಟ್ಟಿ ಕೊಡಿ ಸಾಕು.

ಮನೆ 50 ಮಿ.ಮೀ.: ರಾಜನ ತಳ 37–40, ಎತ್ತರ 82–90
ಮನೆ 45: ತಳ 33–36, ಎತ್ತರ 72–80
ಮನೆ 40: ತಳ 28–31, ಎತ್ತರ 62–70
ಮನೆ 35: ತಳ 25–26, ಎತ್ತರ 54–60
ಮನೆ 30: ತಳ 21–22, ಎತ್ತರ 46–50
ಮನೆ 25: ತಳ 17–18, ಎತ್ತರ 38–42

ತಳ ಮತ್ತು ಎತ್ತರ ಜಗಳವಾಡಿದರೆ ತಳದ ಮಾತು ಕೇಳಿ. ಎತ್ತರ ಐದಾರು ಮಿ.ಮೀ. ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ತಳ ಮೂರು ಮಿ.ಮೀ. ಹೆಚ್ಚಾದರೆ ಮೊದಲ ಹತ್ತು ನಡೆಯೊಳಗೆ ಕೈಗೆ ಗೊತ್ತಾಗುತ್ತದೆ.

## ಚಿಕ್ಕ ಬೋರ್ಡಿನ ತಾಪತ್ರಯ

ದೊಡ್ಡ ಬೋರ್ಡಿಗೆ 78 ಶೇಕಡಾ ಸರಿ ಅಂತೀರಿ. ಚಿಕ್ಕದಕ್ಕೂ ಅದೇ ಶೇಕಡಾ ತಾನೆ ಇರಬೇಕು, ಯಾಕೆ ಕಡಿಮೆ?

ಬೋರ್ಡ್ ಚಿಕ್ಕದಾಯಿತು, ಕಾಯಿ ಚಿಕ್ಕದಾಯಿತು, ಬೆರಳು ಮಾತ್ರ ಹಾಗೇ ಇದೆ. ಅದೇ ಕಾರಣ.

57 ಮಿ.ಮೀ. ಮನೆಯಲ್ಲಿ 44ರ ರಾಜ, ಪಕ್ಕದಲ್ಲಿ 42ರ ರಾಣಿ ನಿಂತರೆ ಇಬ್ಬರ ತಳದ ನಡುವೆ 14 ಮಿ.ಮೀ. ಬಿಡುವಿರುತ್ತದೆ. ದೊಡ್ಡವರ ಬೆರಳ ತುದಿ ಅಲ್ಲಿ ಆರಾಮಾಗಿ ಇಳಿಯುತ್ತದೆ. ಅದೇ ಶೇಕಡಾವಾರು 30 ಮಿ.ಮೀ. ಮನೆಗೆ ತಂದರೆ ಬಿಡುವು 7 ಮಿ.ಮೀ. ಬೆರಳು ಇಳಿಯುವುದಿಲ್ಲ, ಪಕ್ಕದ ಕಾಯಿ ಅಲುಗುತ್ತದೆ. ತಳವನ್ನು 21ಕ್ಕೆ ಇಳಿಸಿದರೆ ಬಿಡುವು 9ಕ್ಕೆ ಏರುತ್ತದೆ. ಎರಡೇ ಮಿ.ಮೀ. ಅನಿಸಬಹುದು. ಆದರೆ ನಾವು ಕಾಯಿಯನ್ನು ಹಿಡಿಯುವುದು ತಳದಲ್ಲಲ್ಲ, ಕತ್ತಿನಲ್ಲಿ. ಅಲ್ಲಿ ಕಾಯಿ ಸಣಕಲಾಗಿರುವುದರಿಂದ ಅಷ್ಟು ಸಾಕಾಗುತ್ತದೆ. ಇದೇ ಕಾರಣಕ್ಕೆ ಚಿಕ್ಕ ಬೋರ್ಡಿಗೆ ಕತ್ತು ಸಣ್ಣಗಿರುವ, ಕೆತ್ತನೆ ಕಡಿಮೆ ಇರುವ ಕಾಯಿ ಆರಿಸಿ. ಹೊಟ್ಟೆ ದಪ್ಪಗಿರುವ ಅಲಂಕಾರದ ಕಾಯಿಗಳು ಗಾಜಿನ ಬೀರುವಿಗೆ ಚೆನ್ನ.

ಒಂದು ಮನೆಯಲ್ಲಿ ನಾಲ್ಕು ಕಾಲಾಳು ಹಿಡಿಸಬೇಕು ಅಂತಾರೆ. ಅದು ನಿಜವಾ?

ಸುಲಭದ ಪರೀಕ್ಷೆ, ಅಂಗಡಿಯಲ್ಲಿ ನಿಂತೇ ಮಾಡಬಹುದು. ಕಾಲಾಳಿನ ತಳ ಮನೆಯ ಅರ್ಧಕ್ಕಿಂತ ಹೆಚ್ಚಿರಬಾರದು ಎಂಬುದೇ ಅದರ ಒಳಗುಟ್ಟು. ನಾಲ್ಕೂ ಕೂತು ಸುತ್ತ ಜಾಗ ತುಂಬ ಉಳಿದರೆ ಕಾಯಿ ಚಿಕ್ಕದು, ಹೊರಗೆ ಇಣುಕಿದರೆ ದೊಡ್ಡದು. ಆದರೆ ಹಲವು ಪ್ಲಾಸ್ಟಿಕ್ ಸೆಟ್ಟುಗಳಲ್ಲಿ ಕಾಲಾಳಿಗೆ ಬೇಕೆಂದೇ ಅಗಲ ತಳ ಕೊಟ್ಟಿರುತ್ತಾರೆ, ಉರುಳದಿರಲಿ ಎಂದು. ಅವು ಒಂದೆರಡು ಮಿ.ಮೀ. ಹೊರಚಾಚಿದರೂ ರಾಜನ ಅಳತೆ ಸರಿಯಿದ್ದರೆ ಧಾರಾಳವಾಗಿ ಕೊಳ್ಳಿ.

ಕಾಯಿ ದೊಡ್ಡದಾದರೆ ಕಷ್ಟ, ಒಪ್ಪಿದೆ. ಚಿಕ್ಕದಾದರೆ ಏನು ನಷ್ಟ?

ಆಟ ನಿಲ್ಲುವುದಿಲ್ಲ, ಕಣ್ಣಿಗೆ ಕೆಲಸ ಹೆಚ್ಚುತ್ತದೆ. ರಾಜನ ತಳ ಮನೆಯ 60 ಶೇಕಡಾಕ್ಕಿಂತ ಕೆಳಗಿಳಿದರೆ ಕಾಯಿಗಳು ಮನೆಯ ನಡುವೆ ನಿಲ್ಲದೆ ಅತ್ತಿತ್ತ ಸರಿಯುತ್ತವೆ, ಒಂಟೆಯ ಓರೆ ಸಾಲು ಕಣ್ಣಿಗೆ ಕಟ್ಟುವುದಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸಲೇಬೇಕು ಎಂದಾದರೆ ಚಿಕ್ಕ ಕಾಯಿಯೇ ವಾಸಿ. ತುಂಬ ಎತ್ತರದ ಕಾಯಿಗಳು ಇನ್ನೊಂದು ತೊಂದರೆ ಕೊಡುತ್ತವೆ: ಕೂತು ನೋಡುವಾಗ ಮುಂದಿನ ರಾಣಿಯ ಹಿಂದೆ ಎದುರಾಳಿಯ ಕಾಲಾಳು ಅಡಗಿಕೊಂಡಿರುತ್ತದೆ.

ಕ್ಲಬ್ಬಿನ ಪ್ಲಾಸ್ಟಿಕ್ ಕಾಯಿ ಇದೆ, ರಾಜ ಮೂರೂಮುಕ್ಕಾಲು ಇಂಚು ಹತ್ತಿರ, ತಳ 40 ಮಿ.ಮೀ. ನಮ್ಮ ಟೀಪಾಯಿ ಮೇಲೆ 16 ಇಂಚಿಗಿಂತ ದೊಡ್ಡ ಬೋರ್ಡ್ ಕೂರಲ್ಲ. ಏನು ಮಾಡಲಿ?

ಅಂಚುಪಟ್ಟಿ ಇಲ್ಲದ ಬೋರ್ಡ್ ಹುಡುಕಿ, ಅಥವಾ ರೆಕ್ಸಿನ್ ಹಾಸಿನ ಅಂಚು ಕತ್ತರಿಸಿ. 16 ಇಂಚಿನ ಮರದ ಬೋರ್ಡಿನಲ್ಲಿ ಎರಡೂ ಕಡೆ 25 ಮಿ.ಮೀ. ಅಂಚು ಹೋದರೆ ಮನೆ 44.5 ಮಿ.ಮೀ., ನಿಮ್ಮ ರಾಜ ಅದರ 90 ಶೇಕಡಾ ತುಂಬಿಬಿಡುತ್ತಾನೆ. ಅದೇ 16 ಇಂಚು ಪೂರ್ತಿ ಮನೆಗಳಿಗೇ ಸಿಕ್ಕರೆ ಪ್ರತಿ ಮನೆ 50.8 ಮಿ.ಮೀ., ಅಲ್ಲಿಗೆ 79 ಶೇಕಡಾ. ಹೊಸ ಕಾಯಿ ಕೊಳ್ಳುವುದು ತಪ್ಪಿತು. ಅಂಚಿನ ಅಕ್ಷರ, ಅಂಕಿ ಹೋಗುತ್ತವೆ. ನಡೆ ಬರೆದುಕೊಳ್ಳುವವರು ಕೊನೆ ಸಾಲಿನ ಮನೆಗಳ ಮೂಲೆಯಲ್ಲಿ ಸಣ್ಣಗೆ ಗುರುತಿಸಿಕೊಂಡರಾಯಿತು.

ಮಡಚಿದರೆ ಪೆಟ್ಟಿಗೆಯಾಗುವ ಬೋರ್ಡ್ ಇದೆ. ಅದಕ್ಕೆ ಹೊಸ ಕಾಯಿ ತಗೊಂಡೆ, ಬೋರ್ಡಿಗೆ ಸರಿ ಇದೆ ಆದರೆ ಪೆಟ್ಟಿಗೆ ಮುಚ್ಚುತ್ತಿಲ್ಲ.

ಪೆಟ್ಟಿಗೆ ಬೋರ್ಡಿಗೆ ಇನ್ನೊಂದು ಅಳತೆ ನೋಡಬೇಕಿತ್ತು. ಕಾಯಿಗಳು ಒಳಗೆ ಮಲಗಿರುತ್ತವೆ, ಹಾಗಾಗಿ ರಾಜನ ತಳದ ಅಗಲಕ್ಕಿಂತ ಪೆಟ್ಟಿಗೆಯ ಒಳ ಆಳ ಹೆಚ್ಚಿರಬೇಕು. ಎರಡೂ ಅರ್ಧ ಸೇರಿ ಎಷ್ಟು ಆಳ ಎಂದು ನೋಡಿ, 2 ಮಿ.ಮೀ. ಬಿಟ್ಟು ಲೆಕ್ಕ ಹಾಕಿ: ಒಳ ಆಳ 32 ಇದ್ದರೆ ತಳ 30 ದಾಟಬಾರದು. ಒತ್ತಿ ಮುಚ್ಚಿದರೆ ಮೊದಲು ಕಿತ್ತುಬರುವುದು ತಿರುಗಣಿಯ ಸ್ಕ್ರೂ. ಸದ್ಯಕ್ಕೆ ಕಾಯಿಗಳಿಗೆ ಒಂದು ಬಟ್ಟೆಚೀಲ ಹೊಲಿಸಿಕೊಳ್ಳಿ.

ಮಗು ಆರು ವರ್ಷದ್ದು. ಕೈ ಚಿಕ್ಕದು ಅಂತ ಪುಟ್ಟ ಸೆಟ್ ಕೊಡಿಸಬಹುದಾ?

ಬೇಡ. ಕೈ ಚಿಕ್ಕದಾದರೂ ಆ ವಯಸ್ಸಿನ ಹಿಡಿತ ಇನ್ನೂ ಒರಟು, ಪುಟ್ಟ ಕಾಯಿಗಳನ್ನು ಉರುಳಿಸುತ್ತಲೇ ಇರುತ್ತದೆ. 40ರಿಂದ 45 ಮಿ.ಮೀ. ಮನೆ, 65ರಿಂದ 75 ಮಿ.ಮೀ. ರಾಜ ಸರಿಯಾದ ನಡುದಾರಿ. ಬೋರ್ಡಿನ ಆಚೆ ತುದಿಗೂ ಕೈ ಎಟುಕುತ್ತದೆ.

ಮನೆಯಲ್ಲಿ ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಇದ್ದರೆ ಇನ್ನೊಂದು ಎಚ್ಚರ. ಆಟಿಕೆ ಗಂಟಲಿಗೆ ಸಿಕ್ಕೀತೇ ಎಂದು ಪರೀಕ್ಷಿಸುವ ಕೊಳವೆಯ ಬಾಯಿ 31.7 ಮಿ.ಮೀ. ಚಿಕ್ಕ ಸೆಟ್ಟಿನ ಕಾಲಾಳುಗಳೆಲ್ಲ ಅದರೊಳಗೆ ಇಳಿದುಹೋಗುತ್ತವೆ. ಮ್ಯಾಗ್ನೆಟ್ ಇರುವ ಕಾಯಿಯಂತೂ ಅವರ ಕೈಗೆ ಸಿಗಲೇಬಾರದು: ಎರಡು ಮ್ಯಾಗ್ನೆಟ್ ಹೊಟ್ಟೆಗೆ ಹೋದರೆ ಕರುಳನ್ನು ನಡುವೆ ಹಿಡಿದು ಅಂಟಿಕೊಳ್ಳುತ್ತವೆ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

## ಪ್ರಯಾಣ, ಮ್ಯಾಗ್ನೆಟ್, ತೂಕ

ರೈಲಲ್ಲಿ ಆಡೋಕೆ ಎಷ್ಟು ಚಿಕ್ಕದು ತಗೋಬಹುದು?

ಕಿಟಕಿ ಪಕ್ಕದ ಪುಟ್ಟ ಮೇಜಿಗೆ 25 ಸೆಂ.ಮೀ. ಮ್ಯಾಗ್ನೆಟ್ ಬೋರ್ಡ್ ತಕ್ಕದ್ದು. ಅಂಚು ಕಳೆದರೆ ಮನೆ 28, 29 ಮಿ.ಮೀ. ಉಳಿಯುತ್ತದೆ, ರಾಜನ ತಳ 20ರ ಆಸುಪಾಸು. ನಿಂತ ಕಾಯಿಗಳಿಗೆ 25 ಮಿ.ಮೀ. ಮನೆಯೇ ಕೊನೆಯ ಮಿತಿ ಎಂದುಕೊಳ್ಳಿ. ಅದಕ್ಕಿಂತ ಕೆಳಗೆ ಚಿತ್ರ ಅಚ್ಚಾದ ಚಪ್ಪಟೆ ಬಿಲ್ಲೆಗಳಿಗೆ ಹೋಗುವುದೇ ಜಾಣತನ. ಬಿಲ್ಲೆ ಉರುಳುವುದಿಲ್ಲ, ಮೇಲಿನಿಂದ ಒಂದೇ ಬೆರಳಲ್ಲಿ ಜಾರಿಸಬಹುದು. ಹಾಗಾಗಿ 70 ಶೇಕಡಾದ ಕಟ್ಟು ಅದಕ್ಕಿಲ್ಲ. 20 ಮಿ.ಮೀ. ಮನೆಗೆ 16ರ ಬಿಲ್ಲೆ ನಡೆಯುತ್ತದೆ.

ಮ್ಯಾಗ್ನೆಟ್ ಸೆಟ್ಟಲ್ಲಿ ಒಂದು ಕುದುರೆ ಪಕ್ಕದ ಕಾಯಿಗೆ ಹೋಗಿ ಅಂಟಿಕೊಳ್ಳುತ್ತೆ. ಉಳಿದವು ಸರಿ ಇವೆ. ಯಾಕೆ?

ಆ ಕುದುರೆಯ ಮ್ಯಾಗ್ನೆಟ್ ತಲೆಕೆಳಗಾಗಿ ಕೂತಿದೆ. ಎಲ್ಲ ಕಾಯಿಗಳಲ್ಲೂ ಒಂದೇ ಧ್ರುವ ಕೆಳಮುಖವಾಗಿದ್ದರೆ ಅಕ್ಕಪಕ್ಕದವು ಒಂದನ್ನೊಂದು ಸ್ವಲ್ಪ ತಳ್ಳುತ್ತವೆ, ದೂರ ನಿಲ್ಲುತ್ತವೆ. ಒಂದು ಮಾತ್ರ ತಿರುಗಿದ್ದರೆ ಸೆಳೆಯುತ್ತದೆ. ಅಡಿಬಟ್ಟೆ ಬಿಡಿಸಿ, ಮ್ಯಾಗ್ನೆಟ್ ತೆಗೆದು ತಿರುಗಿಸಿ ಅಂಟಿಸಿ.

ಹೊಸದಾಗಿ ಹಾಕುವವರು ಎಲ್ಲ ಮ್ಯಾಗ್ನೆಟ್ಟುಗಳನ್ನು ಒಂದರ ಮೇಲೊಂದು ಕಂಬದಂತೆ ಜೋಡಿಸಿ, ಪ್ರತಿಯೊಂದನ್ನೂ ಮೇಲಿನಿಂದ ತೆಗೆಯುವಾಗ ಮೇಲ್ಮೈಗೆ ಮಾರ್ಕರ್ ಚುಕ್ಕಿ ಇಟ್ಟು, ಚುಕ್ಕಿ ಕೆಳಗೆ ಬರುವಂತೆ ಅಂಟಿಸಿ. 25ರಿಂದ 30 ಮಿ.ಮೀ. ಮನೆಗೆ 6 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ನಿಯೋಡೈಮಿಯಂ ಬಿಲ್ಲೆ ಸಾಕು. ಇನ್ನೂ ಬಲದ್ದು ಹಾಕಿದರೆ ಕಾಯಿ ಎತ್ತುವಾಗ ಬೋರ್ಡೂ ಎದ್ದುಬರುತ್ತದೆ. ಬೋರ್ಡಿನ ಅಡಿಗೆ ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಹಾಕಿ. ಅಲ್ಯುಮಿನಿಯಂ ಹಿಡಿಯುವುದಿಲ್ಲ, ಸ್ಟೀಲ್ ತಟ್ಟೆಯ ಲೋಹ ಹಿಡಿಯುವುದೂ ಖಾತ್ರಿಯಿಲ್ಲ. ದಪ್ಪ ಅಡಿಬಟ್ಟೆ ಹಾಕಿದರೆ ಹಿಡಿತ ಅರ್ಧಕ್ಕಿಳಿದಂತೆ ಅನಿಸುತ್ತದೆ, ತೆಳ್ಳನೆಯದು ಹಾಕಿ.

ಸೆಟ್ಟಿನ ಅಳತೆ ಎಲ್ಲ ಸರಿ, ಆದರೆ ಫ್ಯಾನ್ ಹಾಕಿದರೆ ಕಾಲಾಳು ಬೀಳುತ್ತೆ. ತೂಕ ತುಂಬಬಹುದಾ?

ಟೊಳ್ಳು ಪ್ಲಾಸ್ಟಿಕ್ ಕಾಯಿಗಳಿಗೆ ತುಂಬಲೇಬೇಕು. ಹಾರ್ಡ್‌ವೇರ್ ಅಂಗಡಿಯ ನಟ್ಟುಗಳೇ ಸಾಕು. ಎಂ8 ನಟ್ ಸುಮಾರು 5 ಗ್ರಾಂ, ಮೂಲೆಯಿಂದ ಮೂಲೆಗೆ 15 ಮಿ.ಮೀ. ಇರುವುದರಿಂದ ಒಳ ಅಗಲ 16 ಮಿ.ಮೀ. ಇರುವ ತಳದಲ್ಲಿ ಕೂರುತ್ತದೆ. ಎಂ6 ಅದರರ್ಧ ತೂಕದ್ದು, ಕಾಲಾಳಿಗೆ ಸರಿ. ರಾಜ ರಾಣಿಗೆ ಎರಡು ಎಂ8, ಆನೆ ಕುದುರೆ ಒಂಟೆಗೆ ಒಂದೊಂದು. ಎಪಾಕ್ಸಿ ಪುಟ್ಟಿ ಕಲಸಿ, ನಟ್ಟನ್ನು ತಳದ ಬಾಯಿಗೆ ಹತ್ತಿರ ಕೂರಿಸಿ ಮುಚ್ಚಿ. ಮೇಲಕ್ಕೆ ತಳ್ಳಿದರೆ ಮಾಡಿದ ಕೆಲಸ ವ್ಯರ್ಥ, ತೂಕ ತಲೆಗೇರಿ ಇನ್ನೂ ಬೇಗ ಬೀಳುತ್ತದೆ. ಪುಟ್ಟಿ ಒಂದು ರಾತ್ರಿ ಒಣಗಲಿ, ಉಬ್ಬಿದ್ದರೆ ಮರಳು ಕಾಗದದಲ್ಲಿ ಸಮ ಮಾಡಿ, ಆಮೇಲೆ ಅಡಿಬಟ್ಟೆ. ಬಟ್ಟೆಯನ್ನು ತಳಕ್ಕಿಂತ 2 ಮಿ.ಮೀ. ಚಿಕ್ಕದಾಗಿ ಕತ್ತರಿಸಿ ರಬ್ಬರ್ ಅಂಟಿನಲ್ಲಿ ಹಚ್ಚಿ. ಮರಕ್ಕೆ ಹಚ್ಚುವ ಬಿಳಿ ಅಂಟು ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಸೀಸದ ಗುಂಡು ಬಳಸಬೇಡಿ, ವಿಷ.

ಪರೀಕ್ಷೆ ಹೀಗೆ: 30 ಸೆಂ.ಮೀ. ಉದ್ದದ ಹಲಗೆಯ ಮೇಲೆ ಕಾಯಿ ನಿಲ್ಲಿಸಿ ಒಂದು ತುದಿಯನ್ನು 10 ಸೆಂ.ಮೀ. ಎತ್ತಿ. ಬೀಳದಿದ್ದರೆ ಸಾಕು.

## ಮಾಡಿಸುವವರಿಗೆ, ಆಡಿಸುವವರಿಗೆ

ಕಾಯಿ ಮಾತ್ರ ಇದೆ. ಮನೆಯಲ್ಲೇ ಬೋರ್ಡ್ ಪ್ರಿಂಟ್ ಹಾಕಿಕೊಂಡರೆ?

ರಾಜನ ತಳವನ್ನು 0.73ರಿಂದ ಭಾಗಿಸಿದರೆ ಬೇಕಾದ ಮನೆಯ ಅಳತೆ ಬರುತ್ತದೆ. ತಳ 26 ಆದರೆ ಮನೆ 36 ಮಿ.ಮೀ. ಸಾಕು, ಎಂಟು ಮನೆಗೆ 288 ಮಿ.ಮೀ. ಎ3 ಕಾಗದದ ಅಗಲ 297, ಒಳಗೆ ಕೂರುತ್ತದೆ. ಎ4ರ ಅಗಲ 210 ಮಾತ್ರ, ಅಲ್ಲಿ 26 ಮಿ.ಮೀ.ಗಿಂತ ದೊಡ್ಡ ಮನೆ ಆಗುವುದಿಲ್ಲ. ತಳ 27 ದಾಟಿದರೆ ಎ3 ಕೂಡ ಸಾಲದು, ಫ್ಲೆಕ್ಸ್ ಅಂಗಡಿಗೆ ಹೋಗಿ. ಪ್ರಿಂಟ್ ಕೊಡುವಾಗ ಕಾಗದಕ್ಕೆ ಹೊಂದಿಸುವ ಆಯ್ಕೆ ತೆಗೆದು 100 ಶೇಕಡಾ ಇಡಲು ಹೇಳಿ. ಇಲ್ಲವಾದರೆ 36 ಹೋಗಿ 34 ಆಗಿ ಬರುತ್ತದೆ. ಹೊಳೆಯುವ ಲ್ಯಾಮಿನೇಷನ್ ಬೇಡ, ದೀಪ ಪ್ರತಿಫಲಿಸುತ್ತದೆ. ಬಲಗೈ ಮೂಲೆಯಲ್ಲಿ ಬಿಳಿ ಮನೆ ಬಂದಿದೆಯೇ ಎಂದು ಕೊನೆಗೊಮ್ಮೆ ನೋಡಿ, ಕಾಗದ ತಿರುಗಿಸಿದರೆ ಸರಿಹೋಗುವ ತಪ್ಪಾದರೂ ಅಂಚಿನ ಅಕ್ಷರಗಳಿದ್ದರೆ ಕೆಟ್ಟಂತೆಯೇ.

ಚನ್ನಪಟ್ಟಣದಲ್ಲಿ ಕಡೆಸೋಣ ಅಂತಿದ್ದೀವಿ. ಮನೆ 40 ಮಿ.ಮೀ. ಕುಶಲಕರ್ಮಿಗೆ ಏನಂತ ಅಳತೆ ಕೊಡಬೇಕು?

ಫಿಡೆ ಶಿಫಾರಸು ಮಾಡಿದ ಎತ್ತರಗಳು ರಾಜನಿಂದ ಕಾಲಾಳಿನವರೆಗೆ 95, 85, 70, 60, 55, 50 ಮಿ.ಮೀ. ಆ ಅನುಪಾತವನ್ನೇ ಇಳಿಸಿ: ರಾಜ 66, ರಾಣಿ 59, ಒಂಟೆ 49, ಕುದುರೆ 42, ಆನೆ 38, ಕಾಲಾಳು 35. ತಳಗಳು ಕ್ರಮವಾಗಿ 29, 28, 24, 24, 25, 20 ಇರಲಿ. ಕಾಲಾಳು ಮನೆಯ ಸರಿಯರ್ಧ ಆಗುವುದು ಗಮನಿಸಿ.

ಚನ್ನಪಟ್ಟಣದ ಆಲೆ ಮರ ಬೆಳ್ಳಗೆ, ಮೃದು. ಲೇತಿನಲ್ಲಿ ಚೆನ್ನಾಗಿ ಕಡೆಯಬಹುದು, ಅರಗಿನ ಬಣ್ಣ ಸೊಗಸಾಗಿ ಕೂರುತ್ತದೆ. ಆದರೆ ಹಗುರ, ತಳ ಕೊರೆದು ತೂಕ ಹಾಕಿಸಿ. ಐದು ಬಗೆಯ ಕಾಯಿಗಳ ಮೈ ಲೇತಿನಲ್ಲೇ ಆಗುತ್ತದೆ, ಕುದುರೆಯ ತಲೆ ಮಾತ್ರ ಕೈಯಲ್ಲಿ ಕೆತ್ತಬೇಕು. ಎಲ್ಲಿ ಮಾಡಿಸಿದರೂ, ಮರದ ಸ್ಟಾಂಟನ್ ಸೆಟ್ಟುಗಳಿಗೆ ಹೆಸರಾದ ಅಮೃತಸರದಲ್ಲೂ, ಸೆಟ್ಟಿನ ಗುಣ ಕುದುರೆಯಲ್ಲೇ ತಿಳಿಯುವುದು. ಮೊದಲು ಒಂದು ರಾಜ, ಒಂದು ಕುದುರೆ, ನಾಲ್ಕು ಕಾಲಾಳು ಮಾಡಿಸಿ ಬೋರ್ಡ್ ಮೇಲೆ ನಿಲ್ಲಿಸಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೇಳಿ. ರಾಜ 50 ಮಿ.ಮೀ.ಗಿಂತ ಗಿಡ್ಡವಾದರೆ ಶಿಲುಬೆ ಬೇಡ, ಮೊಂಡು ಗುಬುಟು ಸಾಕು. ಅಷ್ಟು ತೆಳು ಮರ ಒಂದೇ ಬೀಳಿಗೆ ಮುರಿಯುತ್ತದೆ.

ಒಂದು ಒಂಟೆ ಕಳೆದುಹೋಯಿತು. ಬೇರೆ ಸೆಟ್ಟಿಂದ ತಂದು ಹಾಕಬಹುದಾ?

ತಳ ಒಂದು ಮಿ.ಮೀ. ಒಳಗೆ ಹೊಂದಿದರೆ ಹಾಕಿ. ಎತ್ತರದಲ್ಲಿ ನೋಡಬೇಕಾದ್ದು ಒಂದೇ: ಹೊಸ ಒಂಟೆ ರಾಣಿಗಿಂತ ಗಿಡ್ಡ, ಕುದುರೆಗಿಂತ ಎತ್ತರ ಇರಬೇಕು. ಈ ಏಣಿ ತಪ್ಪಿದರೆ ಆಟದ ಅವಸರದಲ್ಲಿ ಒಂಟೆಯನ್ನು ರಾಣಿ ಎಂದು ಓದಿಬಿಡುತ್ತೀರಿ.

ಚಿಕ್ಕ ಬೋರ್ಡಲ್ಲೇ ಅಭ್ಯಾಸ ಮಾಡಿದರೆ ಟೂರ್ನಮೆಂಟಿಗೆ ತೊಂದರೆಯಾಗುತ್ತಾ?

ಟೂರ್ನಮೆಂಟಿನ ಮನೆ 50ರಿಂದ 60 ಮಿ.ಮೀ., ರಾಜ 95ರ ಆಸುಪಾಸು. 30 ಮಿ.ಮೀ. ಬೋರ್ಡಿನಲ್ಲಿ ಕಣ್ಣು ಒಂದೇ ನೋಟಕ್ಕೆ ಎಲ್ಲ ಹಿಡಿಯುತ್ತದೆ. ದೊಡ್ಡದರಲ್ಲಿ ಮೂಲೆಯಿಂದ ಮೂಲೆಗೆ ಹಾಯುವ ಒಂಟೆ ತಪ್ಪಿಹೋಗುವುದು ಹೆಚ್ಚಾಗಿ ಇದರಿಂದಲೇ. ಪುಸ್ತಕದ ಆಟ ಜೋಡಿಸಿ ನೋಡಲು ಚಿಕ್ಕದು ಇರಲಿ, ಗಡಿಯಾರ ಇಟ್ಟು ಆಡುವಾಗ ಪೂರ್ಣ ಅಳತೆಯದನ್ನು ಹಾಸಿ.

ದೃಷ್ಟಿ ಇಲ್ಲದವರ ಬೋರ್ಡ್ ಅಷ್ಟು ಚಿಕ್ಕದಿದ್ದರೂ ಕಾಯಿ ಬೀಳಲ್ಲವಲ್ಲ, ಅದು ಹೇಗೆ?

ಅಲ್ಲಿ ಕಾಯಿಯನ್ನು ಹಿಡಿದಿರುವುದು ತೂಕವಲ್ಲ, ಮೊಳೆ. ಪ್ರತಿ ಕಾಯಿಯ ಅಡಿಯಲ್ಲಿ ಒಂದು ಗೂಟ, ಪ್ರತಿ ಮನೆಯಲ್ಲಿ ಅದು ಕೂರುವ ತೂತು. ಫಿಡೆ ನಿಯಮದಂತೆ ಆ ಬೋರ್ಡ್ ಕನಿಷ್ಠ 20 ಸೆಂ.ಮೀ. ಚೌಕ ಇರಬೇಕು, ಅಂದರೆ ಮನೆ 25 ಮಿ.ಮೀ.ಗೆ ಇಳಿಯಬಹುದು. ಕಪ್ಪು ಮನೆಗಳು ತುಸು ಎತ್ತರ, ಕಪ್ಪು ಕಾಯಿಗಳಿಗೆ ಮುಟ್ಟಿದರೆ ತಿಳಿಯುವ ಗುರುತು. ಇಂಥ ಸೆಟ್ಟಿಗೆ ಕಾಯಿ ಆರಿಸುವಾಗ ತಳವನ್ನು ನಮ್ಮ ಪಟ್ಟಿಗಿಂತಲೂ ಚಿಕ್ಕದಿಡಿ, 15, 16 ಮಿ.ಮೀ. ಸಾಕು. ಆಡುವವರ ಬೆರಳು ಕಾಯಿ ಎತ್ತುವುದಕ್ಕಷ್ಟೇ ಅಲ್ಲ, ಕಾಯಿಗಳ ನಡುವೆ ಓಡಾಡಿ ಇಡೀ ಬೋರ್ಡನ್ನು ಓದುವುದಕ್ಕೂ ಬೇಕು. ಗೂಟ ಸಡಿಲವಾದರೆ ಅದಕ್ಕೆ ಒಂದು ಸುತ್ತು ತೆಳು ಸೆಲ್ಲೊಟೇಪ್ ಸುತ್ತಿದರೆ ಮತ್ತೆ ಬಿಗಿಯಾಗುತ್ತದೆ.